ಒಬ್ಬನೇ ಉಣ್ಣುವುದೂ ಒಬ್ಬನೇ ಓದುವುದೂ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನು ಎಲ್ಲಕ್ಕಿಂತ ಕಷ್ಟಪಟ್ಟು ಬಿಡಬೇಕಾದ ಚಟವೆಂದರೆ ಹಾಜರಿಪುಸ್ತಕದ ಚಟವು. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರತಿದಿನ ಬೆಳಿಗ್ಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದ ಕೈಯು ಸುಮ್ಮನಿರಲೊಲ್ಲದು. ಆದುದರಿಂದ ಕ್ರೋಧಿ ಸಂವತ್ಸರದ ಯುಗಾದಿಯಂದು, ಎಂದರೆ 2024ನೆಯ ಇಸವಿಯ ಏಪ್ರಿಲ್ 9ರಂದು, ನಾನೊಂದು ಹೊಸ ವಹಿಯನ್ನು ತಂದು ಅದರ ಪುಟಗಳಿಗೆ ಮೂರು ಅಂಕಣಗಳಾಗುವಂತೆ ಗೆರೆ ಹೊಡೆದೆನು. ಮೊದಲನೆಯದು ಓದಿಗೆ, ಎರಡನೆಯದು ಊಟಕ್ಕೆ, ಮೂರನೆಯದು ಹಬ್ಬಹುಣ್ಣಿವೆಗಳಿಗೆ. ಆತ್ಮಚರಿತ್ರವನ್ನು ಬರೆಯುವ ಯೋಗ್ಯತೆಯಾಗಲಿ ಇಚ್ಛೆಯಾಗಲಿ ನನಗಿರಲಿಲ್ಲ. ಬೀದರ ನಗರದ ಹಳೆಯ ಪೇಟೆಯಲ್ಲಿ ವಾಸಿಸುವ ಒಬ್ಬ ಸಾಮಾನ್ಯ ಗೃಹಸ್ಥನ ವರ್ಷವು ಏತರಿಂದ ತುಂಬಿರುವುದೆಂಬುದನ್ನು ನೋಡಬೇಕೆಂಬ ಕುತೂಹಲವಷ್ಟೇ ಇದ್ದಿತು. ಆ ವಹಿಯು ವರ್ಷದ ನಡುವೆ ನನ್ನನ್ನು ಒಂದು ಪ್ರಶ್ನೆ ಕೇಳಿತು. ಅದನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಊಟದ ಮತ್ತು ಹಬ್ಬದ ಅಂಕಣಗಳನ್ನು ಮೊದಲು ಹೇಳುವೆನು. ಯುಗಾದಿಯ ದಿನ ಹೊಸ ಗಡಿಗೆಯಲ್ಲಿ ಬೇವಿನ ಹೂವು, ಹುಣಿಸೆಹಣ್ಣು, ಬೆಲ್ಲ, ಮಾವಿನಕಾಯಿಯ ಹೋಳು, ಪುಠಾಣಿಯ ಹಿಟ್ಟು ಇವುಗಳನ್ನು ಕಲಸಿ ಮಾಡುವ ಬೇವನ್ನು ನಮ್ಮ ಭಾಗದಲ್ಲಿ ಪಾನಕದಂತೆ ಕುಡಿಯುವರು. ಅದನ್ನು ಮನೆಯವರಷ್ಟೇ ಕುಡಿದು ಮುಗಿಸುವ ರೂಢಿಯಿಲ್ಲ; ತಂಬಿಗೆಗಳು ಮನೆಯಿಂದ ಮನೆಗೆ ತಿರುಗುವುವು. ಕಾರಹುಣ್ಣಿವೆಗೆ ಹೋಳಿಗೆ, ನಾಗಪಂಚಮಿಗೆ ಅಳ್ಳು ಮತ್ತು ಉಂಡಿ, ಶ್ರಾವಣ ಸೋಮವಾರಗಳಲ್ಲಿ ಒಪ್ಪೊತ್ತು. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಪುಂಡಿಯ ಪಲ್ಯ, ತೊಗರಿಯ ಬೇಳೆ. ಬರೆದಿಡುವಂಥ ವಿಶೇಷವು ಇವುಗಳಲ್ಲಿ ಏನೂ ಇಲ್ಲ. ಆದರೆ ಪ್ರತಿಯೊಂದು ಪದಾರ್ಥದ ಮುಂದೆಯೂ, ನಾನು ಉದ್ದೇಶಿಸದೆಯೇ, ಯಾರಾದರೊಬ್ಬರ ಹೆಸರು ಬಿದ್ದಿದ್ದಿತು. ಉಂಡಿಯನ್ನು ನೆರೆಮನೆಯವರು ಕೊಟ್ಟರು, ಹೋಳಿಗೆಯ ದಿನ ಹಳೆಯ ಶಿಷ್ಯನೊಬ್ಬನು ಬಂದಿದ್ದನು, ಹೀಗೆ. ಓದಿನ ಅಂಕಣವಾದರೋ ಅತ್ಯಂತ ಶಿಸ್ತಿನದು. ಯುಗಾದಿಯಿಂದ ವಿಜಯದಶಮಿಯವರೆಗೆ ನಾನು ಇಪ್ಪತ್ತಮೂರು ಗ್ರಂಥಗಳನ್ನು ಓದಿದ್ದೆನು. ರಘುವಂಶದ ಪುನಃಪಠನವಾಗಿತ್ತು, ವಡ್ಡಾರಾಧನೆಯ ಕಥೆಗಳಾಗಿದ್ದುವು, ಬಹಮನಿ ಅರಸರ ಇತಿಹಾಸವಾಗಿತ್ತು. ಆ ಅಂಕಣದಲ್ಲಿ ಗ್ರಂಥಕರ್ತರ ಹೆಸರುಗಳನ್ನುಳಿದು ಮತ್ತೊಬ್ಬ ಮನುಷ್ಯನ ಹೆಸರು ಒಂದೂ ಇರಲಿಲ್ಲ.

ಇದು ನನ್ನ ಕಣ್ಣಿಗೆ ಬಿದ್ದ ಪ್ರಸಂಗವನ್ನು ಹೇಳಲು ನನಗೆ ಸಂಕೋಚವಾಗುವುದು. ಆದರೂ ಹೇಳದಿದ್ದರೆ ಮುಂದಿನ ವಿಚಾರವು ಬರಿಯ ತರ್ಕವಾದೀತು. ನನ್ನ ಮನೆಯವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಮಧ್ಯಾಹ್ನದ ಕೆಲಸವು ಮುಗಿದ ಮೇಲೆ ತಮಗಾಗಿ ಬರುವ ಒಂದು ವಾರಪತ್ರಿಕೆಯನ್ನು ಅಕ್ಷರಕ್ಷರವಾಗಿ ಓದುವುದು ಅವರ ಬಹುಕಾಲದ ಅಭ್ಯಾಸವು. ವಿಜಯದಶಮಿಯ ಬೆಳಿಗ್ಗೆ ಪಂಚಾಂಗವನ್ನು ಹುಡುಕುತ್ತ ನಾನು ಅವರ ಮೂಲೆಯ ಪತ್ರಿಕೆಗಳ ರಾಶಿಯನ್ನು ಸರಿಸಿದೆನು. ಜ್ಯೇಷ್ಠ ಮಾಸದ ಒಂದು ಸಂಚಿಕೆಯು ನಡುವಿನ ಪುಟಕ್ಕೆ ಮಡಿಚಿದ್ದಂತೆಯೇ ಇದ್ದಿತು. ಅನಂತರ ಬಂದ ಸಂಚಿಕೆಗಳಲ್ಲಿ ಒಂದನ್ನೂ ಬಿಡಿಸಿದ ಗುರುತಿರಲಿಲ್ಲ. ಕೇಳಿದೆನು. “ಅಕ್ಷರವೆಲ್ಲ ಹೊಗೆಯೊಳಗೆ ಹೋದಂತಾಗಿದೆ. ಅಡುಗೆಗೆ ಈ ಕಣ್ಣು ಸಾಕು, ಓದಿಗೆ ಸಾಲದು” ಎಂದರು. ಮೊದಲೇ ಏಕೆ ಹೇಳಲಿಲ್ಲವೆಂದೆನು. “ನೀವು ಓದುತ್ತಿದ್ದಿರಿ, ಎಬ್ಬಿಸುವುದೇಕೆಂದು ಬಿಟ್ಟೆ” ಎಂದರು. ನಿದ್ರಿಸುವವನ ವಿಷಯದಲ್ಲಿ ಆಡತಕ್ಕ ಮಾತನ್ನು ಅವರು ಓದುವವನ ವಿಷಯದಲ್ಲಿ ಆಡಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ವಹಿಯನ್ನು ತೆರೆದು ನೋಡಿದೆನು. ಆಷಾಢದಲ್ಲಿ ಒಂದು ಕಡೆ “ರೊಟ್ಟಿ ತುಸು ಕರಿಕು” ಎಂದಿದ್ದಿತು. ಶ್ರಾವಣದಲ್ಲಿ “ಬೇಳೆಯಲ್ಲಿ ಹರಳು” ಎಂದು ಎರಡು ಸಲ ಬರೆದಿದ್ದೆನು. ಭಾದ್ರಪದದಲ್ಲಿ ಮತ್ತೆ ರೊಟ್ಟಿಯ ದೂರು. ಮೋತಿಬಿಂದುವಿನ ಲಕ್ಷಣಗಳೆಲ್ಲವನ್ನೂ ನಾನು ನಾಲ್ಕು ತಿಂಗಳುಗಳ ಕಾಲ ಚೆನ್ನಾದ ಅಕ್ಷರದಲ್ಲಿ ದಾಖಲೆ ಮಾಡಿದ್ದೆನು. ರೋಗವನ್ನು ಮಾತ್ರ ಕಂಡಿರಲಿಲ್ಲ. ಅದೇ ಪುಟಗಳ ಎಡಗಡೆಯಲ್ಲಿ ಉಪನಿಷತ್ತುಗಳನ್ನು ಮುಗಿಸಿದ ತಿಥಿಯೂ ಇದ್ದಿತು.

ಪಾಠಶಾಲೆಯಲ್ಲಿ ಬೆಳೆದವನಾದ ನನಗೆ ಅನ್ನವನ್ನು ಕುರಿತ ನೀತಿಯು ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತವು ದಾನವನ್ನು ಹೊಗಳುವುದು. ಪರರಿಗೆ ಕೊಡದೆ ಒಬ್ಬನೇ ಉಣ್ಣುವವನು ಉಣ್ಣುವುದು ಪಾಪವನ್ನೇ ಎಂಬುದು ಅಲ್ಲಿಯ ಅಭಿಪ್ರಾಯವು. ತಮಗೋಸ್ಕರವೇ ಅಡುಗೆ ಮಾಡಿಕೊಳ್ಳುವವರನ್ನು ಕುರಿತು ಗೀತೆಯ ಮೂರನೆಯ ಅಧ್ಯಾಯವೂ ಇದೇ ಭಾವವನ್ನು ಹೇಳುವುದು. ನಮ್ಮ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನಿಟ್ಟು, ದುಡಿದುದನ್ನು ಹಂಚದೆ ಉಣ್ಣುವವನ ಧರ್ಮವು ಅರ್ಧ ಧರ್ಮವೆಂದೇ ತಿಳಿದರು. ಇವೆಲ್ಲವೂ ಅನ್ನದ ಮಾತಾಯಿತು. ಈಗ ನನ್ನ ಪ್ರಶ್ನೆ: ಒಬ್ಬನೇ ಉಣ್ಣುವುದು ದೋಷವಾದರೆ ಒಬ್ಬನೇ ಓದುವುದೂ ದೋಷವೇ?

ಇದಕ್ಕೆ ಎರಡು ಆಕ್ಷೇಪಗಳು ಸಹಜವಾಗಿಯೇ ಏಳುವುವು. ಅನ್ನವು ಉಂಡರೆ ತೀರುವಂಥದು; ನನ್ನ ತಟ್ಟೆಯ ರೊಟ್ಟಿಯು ಮತ್ತೊಬ್ಬನ ತಟ್ಟೆಯಲ್ಲಿ ಇರಲಾರದು. ಗ್ರಂಥವಾದರೋ ಓದಿದಷ್ಟೂ ಇದ್ದಂತೆಯೇ ಇರುವುದು. ನಾನು ರಘುವಂಶವನ್ನು ಓದಿದರೆ ಯಾರ ಪಾಲಿನ ರಘುವಂಶವೂ ಕಡಮೆಯಾಗದು. ಯಾರನ್ನೂ ಉಪವಾಸ ಕೆಡವದ ಕಾರ್ಯದಲ್ಲಿ ಪಾಪವೆಲ್ಲಿಯದು? ಇದು ಮೊದಲನೆಯ ಆಕ್ಷೇಪ. ಓದು ಏಕಾಂತವನ್ನು ಬೇಡುವುದು. ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು, ಪಂಕ್ತಿಯಲ್ಲಿ ಕುಳಿತು ಯೋಚಿಸಲಾಗದು ಎಂಬುದು ಎರಡನೆಯದು.

ಮೊದಲನೆಯ ಆಕ್ಷೇಪಕ್ಕೆ ನನ್ನ ವಹಿಯೇ ಉತ್ತರವನ್ನು ಕೊಟ್ಟಿತು. ಗ್ರಂಥವು ತೀರದು, ನಿಜ. ಆದರೆ ಸಂಜೆಯು ತೀರುವುದು. ನಾನು ನಾಲ್ಕು ತಿಂಗಳು ಒಬ್ಬನೇ ಉಂಡದ್ದು ಗ್ರಂಥವನ್ನಲ್ಲ, ಸಂಜೆಗಳನ್ನು. ಅವುಗಳಲ್ಲಿ ಮತ್ತೊಬ್ಬರ ಪಾಲಿದ್ದಿತು. ದಿನಕ್ಕೆ ಎರಡು ಹೊತ್ತು ತಮ್ಮ ಕೆಲಸದ ಫಲವನ್ನು ನನ್ನ ತಟ್ಟೆಗೆ ಬಡಿಸಿದವರಿಗೆ ನನ್ನ ಕೆಲಸದ ಫಲವು ಒಂದು ಹೊತ್ತಾದರೂ ಸೇರಲಿಲ್ಲ. ಇದಲ್ಲದೆ ಅನ್ನಕ್ಕೆ ಒಂದು ಸೌಕರ್ಯವುಂಟು: ಬಚ್ಚಿಟ್ಟ ಅನ್ನವು ಹಳಸುವುದು, ನಾರುವುದು, ಬಚ್ಚಿಟ್ಟವನನ್ನು ತಾನೇ ಹಿಡಿದುಕೊಡುವುದು. ಬಚ್ಚಿಟ್ಟ ವಿದ್ಯೆಗೆ ನಾತವಿಲ್ಲ. ಆದುದರಿಂದ ಅದರ ದೋಷವು ಬೇಗನೆ ಗೊತ್ತಾಗುವುದಿಲ್ಲ. ಬಚ್ಚಿಟ್ಟವನಿಗಂತೂ ಅದು ಗುಣದಂತೆಯೇ ತೋರುವುದು. ನೆರೆಹೊರೆಯವರೂ “ಗುರುಗಳು ಸದಾ ಓದಿನಲ್ಲಿಯೇ ಇರುವರು” ಎಂದು ಗೌರವದಿಂದ ಧ್ವನಿಯನ್ನು ತಗ್ಗಿಸಿ ಹೋಗುವರು.

ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವುಂಟು. ಅದನ್ನು ನಾನು ತಳ್ಳಿಹಾಕೆನು. ಆದರೆ ಅಡುಗೆಯನ್ನೂ ಒಬ್ಬರೇ ಮಾಡುವರಲ್ಲವೇ? ಒಲೆಯ ಮುಂದಿನ ಏಕಾಂತವನ್ನು ಯಾರೂ ಸ್ವಾರ್ಥವೆನ್ನುವುದಿಲ್ಲ. ಬೆಂದದ್ದು ಪಂಕ್ತಿಗೆ ಬರುವುದೆಂಬ ನಂಬಿಕೆಯಿಂದ. ಹಾಗೆ ನೋಡಿದರೆ ಏಕಾಂತದ ಓದು ಅಡುಗೆಯೇ ಹೊರತು ಊಟವಲ್ಲ. ಮಾಡಿದ ಅಡುಗೆಯನ್ನು ಒಳಗೇ ಇಟ್ಟು ಕದವಿಕ್ಕಿಕೊಂಡಲ್ಲಿ ಮಾತ್ರ ದೋಷವು. ತೈತ್ತಿರೀಯದ ಶಿಕ್ಷಾವಲ್ಲಿಯು ಕರ್ತವ್ಯಗಳನ್ನು ಎಣಿಸುವಾಗ ಸ್ವಾಧ್ಯಾಯವನ್ನು ಒಂಟಿಯಾಗಿ ಹೇಳದೆ ಪ್ರತಿಯೊಂದು ಸಲವೂ ಪ್ರವಚನದೊಡನೆ ಜೋಡಿಸಿಯೇ ಹೇಳುವುದು. ಮನುವು ಪಂಚಮಹಾಯಜ್ಞಗಳಲ್ಲಿ ಬ್ರಹ್ಮಯಜ್ಞವನ್ನು ವಿವರಿಸುವಾಗ ಓದುವುದನ್ನು ಹೇಳದೆ ಓದಿಸುವುದನ್ನು ಹೇಳಿರುವನು. ಇವನ್ನು ನಾನು ಬಾಲ್ಯದಲ್ಲಿಯೇ ಕಂಠಸ್ಥ ಮಾಡಿದವನು. ಕಂಠದಿಂದ ಕೆಳಗಿಳಿಯಲು ಅರವತ್ತು ವರ್ಷಗಳು ಹಿಡಿದುವು.

ನಮ್ಮ ನಾಡಿನ ಹಳೆಯ ರೂಢಿಯೂ ಇದೇ. ಶ್ರಾವಣ ಮಾಸದಲ್ಲಿ ಗುಡಿಮಠಗಳಲ್ಲಿ ಪುರಾಣವನ್ನು ಹಚ್ಚುವುದೆಂದರೆ ಒಬ್ಬನು ಓದುವನು, ಮತ್ತೊಬ್ಬನು ಅರ್ಥ ಹೇಳುವನು, ಊರು ಕೇಳುವುದು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವು ಹೀಗೆ ಅಕ್ಷರವರಿಯದ ಎಷ್ಟೋ ತಲೆಮಾರುಗಳ ಕಿವಿಗೆ ತಲುಪಿರುವುದು. ಮಳಖೇಡದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗವು ಈ ನಾಡಿನ ಜನರು ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ಪಳಗಿದವರೆಂದು ಹೊಗಳಿರುವುದಷ್ಟೆ. ಓದದವರಿಗೆ ಕಾವ್ಯವು ಬಂದುದಾದರೂ ಹೇಗೆ? ಓದಿದವರು ಬಡಿಸಿದುದರಿಂದಲ್ಲವೇ?

ಬೀದರದಲ್ಲಿ ವಾಸಿಸುವವನಿಗೆ ಉದಾಹರಣೆಗಾಗಿ ದೂರ ಹೋಗಬೇಕಾದ ಅಗತ್ಯವಿಲ್ಲ. ಮಹಮೂದ ಗವಾನನ ಮದರಸೆಯ ಉಳಿದಿರುವ ಒಂದು ಮಿನಾರು ಪೇಟೆಯಲ್ಲಿ ಎಲ್ಲರಿಗೂ ಕಾಣಿಸುವುದು. 1472ರಲ್ಲಿ ಪೂರ್ಣವಾದ ಆ ಕಟ್ಟಡದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಹೇಳುವರು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅಲ್ಲಿಯೇ ವಾಸದ ಕೋಣೆಗಳಿದ್ದುವು. ಪರ್ಷಿಯಾದ ಗೀಲಾನ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈ ಪುರುಷನು ಮಣ್ಣಿನ ಪಾತ್ರೆಯ ಅಡುಗೆಯನ್ನುಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದು ಇತಿಹಾಸಕಾರನಾದ ಫೆರಿಶ್ತಾ ಬರೆದಿರುವನು. 1481ರಲ್ಲಿ ಸುಳ್ಳು ಆರೋಪದ ಮೇಲೆ ಅರಸನು ಅವನನ್ನು ಕೊಲ್ಲಿಸಿದ ಮೇಲೆ ಭಂಡಾರವನ್ನು ಶೋಧಿಸಲಾಗಿ, ನಿರೀಕ್ಷಿಸಿದ ಐಶ್ವರ್ಯವು ಅಲ್ಲಿ ಸಿಕ್ಕಲಿಲ್ಲವಂತೆ. ತನ್ನ ತಟ್ಟೆಯನ್ನು ಸಣ್ಣದಾಗಿಸಿ ಗ್ರಂಥಗಳನ್ನು ಊರಿಗೆ ತೆರೆದಿಟ್ಟವನು ಅವನು. ನಾನಾದರೋ ತಟ್ಟೆಯನ್ನು ಹಂಚಿಕೊಂಡು ಗ್ರಂಥಗಳನ್ನು ಬಚ್ಚಿಟ್ಟವನು.

ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕಾರ್ಯವು ಇದಕ್ಕಿಂತಲೂ ನಮಗೆ ಸಮೀಪದ್ದು. 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಆ ಹಿರಿಯರು, ನಿಜಾಮರ ಆಡಳಿತವಿದ್ದು ಉರ್ದುವೇ ಶಿಕ್ಷಣದ ಭಾಷೆಯಾಗಿದ್ದ ಕಾಲದಲ್ಲಿ, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. 1948ರ ಸೆಪ್ಟೆಂಬರದಲ್ಲಿ ಆ ಆಡಳಿತವು ಕೊನೆಗಾಣುವವರೆಗೆ ನಮ್ಮ ಹಿರಿಯರಲ್ಲಿ ಅನೇಕರಿಗೆ ಕನ್ನಡ ಅಕ್ಷರವು ಇಂಥ ಬಾಗಿಲುಗಳ ಒಳಗಿನಿಂದಲೇ ದೊರೆಯಿತು. ಅಲ್ಲಿ ಮಕ್ಕಳಿಗೆ ಪ್ರಸಾದವೂ ಇದ್ದಿತು, ಪಾಠವೂ ಇದ್ದಿತು. ಅನ್ನವನ್ನೂ ಅಕ್ಷರವನ್ನೂ ಒಂದೇ ಮನೆಯಲ್ಲಿ ಬಡಿಸಿದಲ್ಲಿ ನನ್ನ ಈ ಪ್ರಶ್ನೆಯು ಹುಟ್ಟುವುದೇ ಇಲ್ಲ.

ಇಷ್ಟು ಹೇಳಿ ಪಂಕ್ತಿಯನ್ನು ಹೊಗಳಿ ಮುಗಿಸಿದರೆ ಅನ್ಯಾಯವಾದೀತು. ಏಕೆಂದರೆ ಪಂಕ್ತಿಯೂ ಕದವಿಕ್ಕಬಲ್ಲುದು. ನಾನು ಕಲಿತ ಪಾಠಶಾಲೆಯಲ್ಲಿ ಸೌದೆ ಒಡೆಯಲು ಬರುತ್ತಿದ್ದವನಿಗೆ ಒಬ್ಬ ಮಗನಿದ್ದನು. ಅವನು ಅಂಗಳದಾಚೆ ಕುಳಿತು ನಾವು ಗಟ್ಟಿಯಾಗಿ ಹೇಳುತ್ತಿದ್ದ ರೂಪಗಳನ್ನು ಕೇಳಿ ಕೇಳಿ ಕಲಿತಿದ್ದನು. ಒಂದು ದಿನ ರಾಮಶಬ್ದದ ಇಪ್ಪತ್ತನಾಲ್ಕು ರೂಪಗಳನ್ನೂ ತಪ್ಪಿಲ್ಲದೆ ಒಪ್ಪಿಸಿದನು. ನಾವೆಲ್ಲ ನಕ್ಕೆವು. ಗುರುಗಳೂ ನಕ್ಕರು, ತಲೆದೂಗಿದರು. ಒಳಗೆ ಬಾ ಎನ್ನಲಿಲ್ಲ. ಊಟದ ಪಂಕ್ತಿಯಿಂದ ಹೊರಗಿಡಲ್ಪಟ್ಟವನು ಪಾಠದ ಪಂಕ್ತಿಯಿಂದಲೂ ಹೊರಗೇ ಉಳಿದನು. ಅವನ ಹೆಸರು ಯಾವ ಹಾಜರಿಪುಸ್ತಕದಲ್ಲಿಯೂ ಏರಲಿಲ್ಲ, ನನಗೂ ಈಗ ನೆನಪಿಗೆ ಬಾರದು; ಆ ಸ್ವರವು ಮಾತ್ರ ಬರುವುದು. ನಮ್ಮ ನಗರದ ನಾನಕ ಝೀರಾದಲ್ಲಿ ಲಂಗರಿನ ಸಾಲಿನಲ್ಲಿ ಜಾತಿಮತಗಳನ್ನು ಕೇಳದೆ ಬಡಿಸುವುದನ್ನು ಕಂಡಾಗಲೆಲ್ಲ ಅವನ ನೆನಪಾಗುವುದು. 1699ರಲ್ಲಿ ಗುರು ಗೋವಿಂದಸಿಂಹರು ಆರಿಸಿದ ಐವರು ಪ್ರಿಯರಲ್ಲಿ ಒಬ್ಬರಾದ ಸಾಹಿಬಸಿಂಹರು ಈ ಬೀದರದವರೇ, ಕ್ಷೌರಿಕ ಕುಲದವರು. ಯಾರನ್ನು ಒಳಗೆ ಕರೆಯುವೆವು ಎಂಬುದರ ಮೇಲೆಯೇ ಪಂಕ್ತಿಯ ಪುಣ್ಯವು ನಿಂತಿರುವುದು.

ಇನ್ನೊಂದು ಎಚ್ಚರಿಕೆಯೂ ಬೇಕು. ಇದು ನನ್ನಂಥ ನಿವೃತ್ತ ಉಪಾಧ್ಯಾಯರಿಗೆ ಮುಖ್ಯವಾದುದು. ಬೇಡವೆಂದು ಕೈ ಅಡ್ಡ ಹಿಡಿದವನ ತಟ್ಟೆಗೆ ಹೋಳಿಗೆಯನ್ನು ಎಸೆಯುವುದು ಉಪಚಾರವಲ್ಲ. ಸಿಕ್ಕಿದವರಿಗೆಲ್ಲ ಉಪದೇಶವನ್ನು ಸುರಿಯುವುದೂ ಅಂಥದೇ. ಒಳ್ಳೆಯ ಬಡಿಸುವವನು ಸೌಟನ್ನು ನೋಡುವುದಿಲ್ಲ, ಎಲೆಯನ್ನು ನೋಡುವನು.

ಕಾರ್ತಿಕದಲ್ಲಿ ಮನೆಯವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿಗೆ ವಿಶ್ರಾಂತಿಯಿರಬೇಕೆಂದು ವೈದ್ಯರು ಹೇಳಿದ ದಿನಗಳಲ್ಲಿ ನಾನು ಸಂಜೆ ಪಡಸಾಲೆಯಲ್ಲಿ ಕುಳಿತು ಅವರಿಗೆ ಓದಿ ಹೇಳಲಾರಂಭಿಸಿದೆನು. ಮೊದಲು ಬಿದ್ದಿದ್ದ ವಾರಪತ್ರಿಕೆಗಳು, ಅನಂತರ ವಡ್ಡಾರಾಧನೆಯ ಕಥೆಗಳು. ನೆರೆಮನೆಯ ಇಬ್ಬರು ಹೆಂಗಸರು ಬಂದು ಕುಳಿತರು. ಅವರ ಹಿಂದೆ ಒಬ್ಬ ಹುಡುಗನು. ಗ್ರಂಥಗಳ ಎಣಿಕೆಯು ತಗ್ಗಿತು. ಯುಗಾದಿಯಿಂದ ದಸರೆಯವರೆಗೆ ಇಪ್ಪತ್ತಮೂರು ಓದಿದವನು ಅಲ್ಲಿಂದ ವರ್ಷದ ಕೊನೆಯವರೆಗೆ ಏಳನ್ನು ಮಾತ್ರ ಓದಿದೆನು. ಇದು ನಷ್ಟವಲ್ಲವೆಂದು ನಾನು ಹೇಳೆನು. ಓದಬೇಕಾದ ಗ್ರಂಥಗಳು ಬಹಳ, ಉಳಿದ ವರ್ಷಗಳು ಕೆಲವೇ. ಆದರೂ ಆ ನಷ್ಟಕ್ಕೆ ಪ್ರತಿಯಾಗಿ ದೊರೆತುದರ ಒಂದು ಉದಾಹರಣೆಯನ್ನು ಕೊಡುವೆನು.

ಡಿಸೆಂಬರ್ 30ರಂದು ಎಳ್ಳಮಾವಾಸ್ಯೆ. ಭಾಲ್ಕಿಯ ಸಮೀಪ ಹೊಲವಿರುವ ಹಳೆಯ ಶಿಷ್ಯನು ಕರೆದನೆಂದು ಬೀದರದಿಂದ ಬೆಳಗಿನ ರೈಲಿನಲ್ಲಿ ಹೋದೆವು. ನಮ್ಮ ಜಿಲ್ಲೆಯಲ್ಲಿ ಈ ಹಬ್ಬಕ್ಕಿಂತ ದೊಡ್ಡ ಹಬ್ಬವು ಒಕ್ಕಲಿಗನಿಗಿಲ್ಲ. ಜೋಳದ ದಂಟಿನ ಗುಡಿಸಲಿನಲ್ಲಿ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗವನ್ನು ಚೆಲ್ಲಿದರು. ಮನುಷ್ಯರು ಉಣ್ಣುವ ಮೊದಲು ಭೂಮಿಯು ಉಣ್ಣಬೇಕು. ಅನಂತರ ಸಜ್ಜೆಯ ರೊಟ್ಟಿ, ಕಾಳು ಮತ್ತು ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಗಡಿಗೆಯ ಅಂಬಲಿ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಕೂರಿಸಿದರು. ಊಟವಾದ ಮೇಲೆ ಪಾಂಡವರ ಕಥೆಯನ್ನು ಹೇಳಿರೆಂದರು. ನಾನು ಅಕ್ಷಯಪಾತ್ರೆಯ ಪ್ರಸಂಗವನ್ನೆತ್ತಿಕೊಂಡು, ದ್ರೌಪದಿಯು ಉಣ್ಣುವವರೆಗೆ ಆ ಪಾತ್ರೆಯು ಬರಿದಾಗುತ್ತಿರಲಿಲ್ಲ, ಅವಳು ಉಂಡೊಡನೆ ಬರಿದಾಗುತ್ತಿದ್ದಿತೆಂದು ವಿವರಿಸಿದೆನು. ಶಿಷ್ಯನ ತಾಯಿಯು ನಕ್ಕು, “ಆಕೆ ಪುಣ್ಯವಂತಳು. ನಮ್ಮಲ್ಲಿ ಬಡಿಸುವಾಕೆ ಕೂರುವ ಮೊದಲೇ ಪಾತ್ರೆ ಬರಿದಾಗಿರುತ್ತದೆ” ಎಂದರು. ಹೆಂಗಸರೆಲ್ಲ ನಕ್ಕರು, ನನ್ನ ಮನೆಯವರೂ ನಕ್ಕರು. ನಾನು ಆ ಪ್ರಸಂಗವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು. ಅದರಲ್ಲಿ ಇಷ್ಟು ದಿನ ಕೊನೆಗೆ ಉಣ್ಣುವವಳೊಬ್ಬಳಿದ್ದಾಳೆಂಬುದನ್ನು ಗಮನಿಸಿರಲಿಲ್ಲ. ಏಕಾಂತದಲ್ಲಿ ಇನ್ನೂ ಮೂವತ್ತು ವರ್ಷ ಓದಿದ್ದರೂ ಈ ಟೀಕೆಯು ನನಗೆ ದೊರೆಯುತ್ತಿರಲಿಲ್ಲ.

ಶಿವರಾತ್ರಿಗೆ ಔರಾದಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಮರೇಶ್ವರ ಜಾತ್ರೆಯ ಗದ್ದಲದ ದಿನಗಳವು. ಜಾಗರಣೆಯ ರಾತ್ರಿ ನಾನು ಕನ್ನಡದಲ್ಲಿ ಬೇಡರ ಕಣ್ಣಪ್ಪನ ಕಥೆಯನ್ನು ಹೇಳುತ್ತಿರಲು, ನೆರೆಯ ಸೊಸೆಯೊಬ್ಬಳು ತನ್ನ ಅತ್ತೆಗೆ ಅದನ್ನು ಮರಾಠಿಯಲ್ಲಿ ಹೇಳುತ್ತ ಹೋದಳು. ನಮ್ಮ ಗಡಿಯ ತಾಲ್ಲೂಕುಗಳಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಪುರಾಣವನ್ನು ಓದುವವನೊಬ್ಬ, ಅರ್ಥ ಹೇಳುವವನೊಬ್ಬ ಎಂಬ ಹಳೆಯ ಕ್ರಮವು ಯಾರೂ ಏರ್ಪಡಿಸದೆಯೇ ಆ ಪಡಸಾಲೆಯಲ್ಲಿ ನೆಲಸಿತು. ಅಂದು ಉಪವಾಸವಾದುದರಿಂದ ಊಟದ ಅಂಕಣವು ಖಾಲಿಯಾಗಿಯೇ ಉಳಿಯಿತು. ಓದಿನ ಅಂಕಣದಲ್ಲಿ ಒಂಬತ್ತು ಹೆಸರುಗಳಿದ್ದುವು.

ಆದುದರಿಂದ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವು ಇಷ್ಟು. ಒಬ್ಬನೇ ಓದುವುದು ದೋಷವಲ್ಲ. ಓದಿನಿಂದ ಎದ್ದು ಬಾರದಿರುವುದು ದೋಷವು. ಎದ್ದು ಬಂದವನು ತನ್ನಲ್ಲಿ ಬೆಂದುದನ್ನು, ಕೇಳುವ ಕಿವಿಯನ್ನು ನೋಡಿ, ಯಾರನ್ನೂ ಅಂಗಳದಾಚೆ ಬಿಡದೆ, ಬಡಿಸತಕ್ಕದ್ದು. ಬಡಿಸಲು ಏನೂ ಇಲ್ಲದ ದಿನ ಎದುರಿಗೆ ಕುಳಿತವರ ಕಣ್ಣು ಹೇಗಿದೆಯೆಂದಾದರೂ ನೋಡತಕ್ಕದ್ದು.

ವಿಶ್ವಾವಸು ಸಂವತ್ಸರದ ಯುಗಾದಿಯು 2025ರ ಮಾರ್ಚ್ 30ರಂದು ಬಂದಿತು. ಹೊಸ ವಹಿಗೆ ನಾಲ್ಕು ಅಂಕಣಗಳಾಗುವಂತೆ ಗೆರೆ ಹೊಡೆದೆನು. ನಾಲ್ಕನೆಯದರ ತಲೆಯ ಮೇಲೆ “ಯಾರೊಡನೆ” ಎಂದು ಬರೆದೆನು. ಮನೆಯವರಿಗೆ ಈಗ ಅಕ್ಷರವು ಸ್ಪಷ್ಟವಾಗಿ ಕಾಣುವುದು. ನಾನು ಓದಿ ಹೇಳಬೇಕಾದ ಅಗತ್ಯವು ಉಳಿದಿಲ್ಲ. ಆದುದರಿಂದ ಸಂಜೆ ಅವರೇ ವಾರಪತ್ರಿಕೆಯನ್ನು ಗಟ್ಟಿಯಾಗಿ ಓದುವರು, ನಾಲ್ಕನೆಯ ಇಯತ್ತೆಯ ನಡೆಯಲ್ಲಿ, ಒಂದೊಂದು ಪದವನ್ನು ಮುಟ್ಟಿ ಮುಟ್ಟಿ. ನಾನು ಎದುರಿಗೆ ಕುಳಿತು ಪುಂಡಿಯ ಎಲೆಗಳನ್ನು ಬಿಡಿಸುವೆನು. ನನ್ನ ಕೆಲಸವು ಇನ್ನೂ ಸಾಕಷ್ಟು ಚೊಕ್ಕಟವಾಗಿಲ್ಲವೆಂದು ಅವರ ಅಭಿಪ್ರಾಯವು.